ಲಿಫ್ಟಿನೊಳಗಿನ ಕುರ್ಚಿ

ನನ್ನದು ಲಿಫ್ಟ್ ತಪಾಸಣೆಯ ಕೆಲಸ. ಸರಿಯಿದ್ದರೆ ಸರ್ಟಿಫಿಕೇಟು, ಸರಿಯಿಲ್ಲದಿದ್ದರೆ ಬಾಗಿಲಿಗೆ ಸೀಲು. ಸರ್ಟಿಫಿಕೇಟು ಕೊಟ್ಟ ದಿನ ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ, ಸೀಲು ಹಾಕಿದ ದಿನ ನನ್ನ ವಂಶವನ್ನೆಲ್ಲ ಜಾಲಾಡುತ್ತಾರೆ. ಹಾಗಾಗಿ ಅಮ್ಮ ಇರುವ ಕಟ್ಟಡದ ಸರದಿ ಬಂದಾಗ ಮೇಲಧಿಕಾರಿಯ ಬಳಿ ಹೋಗಿ, ಬೇರೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡೆ.

"ಪರೀಕ್ಷೆ ನೀವೇ ಮಾಡಿ," ಎಂದರು ಅವರು. "ಪಾಸಾದ್ರೆ ನಾನು ಬಂದು ಇನ್ನೊಂದ್ಸಲ ನೋಡಿ ಸಹಿ ಹಾಕ್ತೀನಿ. ಫೇಲಾದ್ರೆ ಸೀಲು ನೀವೇ ಹಾಕಿ. ಹೆತ್ತ ತಾಯಿಯ ಲಿಫ್ಟ್ ನಿಲ್ಲಿಸಿದ್ರೆ ಪಕ್ಷಪಾತ ಅಂತ ಯಾರಂತಾರೆ?"

ಅಮ್ಮನ ಮನೆ ಐದನೇ ಮಹಡಿ, ಕೊನೆಯದು. ಬಸ್ ಕಂಡಕ್ಟರ್ ಆಗಿ ಆಯುಷ್ಯವಿಡೀ ನಿಂತೇ ದುಡಿದು ಮೊಣಕಾಲು ಕೆಡಿಸಿಕೊಂಡವಳು. ಸಂಜೆ ಕೆಳಗಿಳಿದು, ಅಂಗಳದ ಬೆಂಚಿನಲ್ಲಿ ಗೆಳತಿಯರ ಜೊತೆ ಹರಟೆ ಹೊಡೆಯುವುದೇ ಅವಳ ದಿನದ ಸುಖ. ಆ ಕಟ್ಟಡದ ಕಾರ್ಯದರ್ಶಿಗೆ ಅವಳೇ ಇಟ್ಟ ಹೆಸರು 'ನಾಳೆ ಸಾಹೇಬರು'. ನಲ್ಲಿ ಸೋರಿದರೂ ನಾಳೆ, ದೀಪ ಕೆಟ್ಟರೂ ನಾಳೆ. ಒಂದೇ ಒಂದು ಕೆಲಸವನ್ನು ಮಾತ್ರ ಆ ಮಹಾನುಭಾವ ಅವತ್ತೇ ಮಾಡಿದ್ದರು: ಅಮ್ಮನಿಗೆಂದು ಲಿಫ್ಟಿನೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಎಷ್ಟು ಕರುಣೆ ಎಂದು ಎಲ್ಲರೂ ಹೊಗಳಿದರು. ನನ್ನ ಕೆಲಸ ಏನೆಂದು ತಿಳಿದ ಮೇಲೆ ಆ ಕರುಣೆ ಉಕ್ಕಿದ್ದು ಎಂಬುದನ್ನು ಗಮನಿಸಿದವಳು ನಾನೊಬ್ಬಳೇ.

ಪರೀಕ್ಷೆ ಕಷ್ಟದ್ದೇನಲ್ಲ. ಲಿಫ್ಟಿನ ತುಂಬ ಕಬ್ಬಿಣದ ತೂಕ ಹೇರಿ ಕೆಳಗಿಳಿಸುತ್ತ, ಹಗ್ಗ ತುಂಡಾದರೆ ಹಿಡಿಯಬೇಕಾದ ಬ್ರೇಕನ್ನು ಎಳೆದು ನೋಡುವುದು. ಅದು ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಕಚ್ಚಿ ನಿಲ್ಲಬೇಕು. ಇದು ಕಚ್ಚಲಿಲ್ಲ. ಕಂಬಿಯನ್ನು ಸವರುತ್ತ ಸುಮಾರು ದೂರ ಜಾರಿತು. ಎರಡನೇ ಸಲವೂ ಜಾರಿತು. ನಾನು ಕುರ್ಚಿಯನ್ನು ಆಚೆ ಇಟ್ಟು ಚೀಲದಿಂದ ಸೀಲು ಹೊರತೆಗೆದೆ.

ನಾಳೆ ಸಾಹೇಬರು ಹಲ್ಲು ಗಿಂಜುತ್ತ ಬಂದರು. "ನಾಳೆ ರಿಪೇರಿ ಮಾಡಿಸೋಣ ಮೇಡಂ. ಸೀಲು ಯಾಕೆ? ನಿಮ್ಮ ತಾಯಿಯವರೇ ಮೇಲಿದ್ದಾರೆ."

"ಅವರು ಇಲ್ಲದೇ ಇದ್ದಿದ್ರೂ ಇದೇ ಸೀಲು," ಎಂದು ಬಾಗಿಲಿಗೆ ಅಂಟಿಸಿದೆ.

ಆಮೇಲೆ ಮೆಟ್ಟಿಲು ಹತ್ತಿ ಅಮ್ಮನಿಗೆ ಹೇಳಲು ಹೋದೆ. ಸುದ್ದಿ ನನಗಿಂತ ಮೊದಲೇ ಹತ್ತಿತ್ತು.

"ಬಾರಮ್ಮ ಬಾ," ಎಂದಳು. "ತಾಯಿನ ಮೇಲೆ ಕೂರಿಸಿ ಏಣಿ ತೆಗ್ದೆಯಲ್ಲ, ಭೇಷ್."

"ನನ್ನ ಮನೆಗೆ ಬಾ. ಕೆಳಗಿನ ಮನೆ, ಮೆಟ್ಟಿಲೇ ಇಲ್ಲ."

"ನನ್ನ ಬೆಂಚು ಅಲ್ಲಿಗೆ ಬರುತ್ತಾ? ಇಲ್ಲಿಂದ ನಾನು ಕದಲಲ್ಲ. ನೀನು ಹೋಗು."

ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವತ್ತಿನಿಂದ ಫೋನು ಎತ್ತಲಿಲ್ಲ. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಸೀಲು ಒಡೆಯುವುದು ನನ್ನ ಕೈಯಲ್ಲೇ ಇದ್ದರೂ ಆ ಕೈ ಎತ್ತಬಾರದೆಂದು ನಿರ್ಧರಿಸಿದ್ದೆ. ಊರವರ ಲಿಫ್ಟಿಗೊಂದು, ಅಮ್ಮನ ಲಿಫ್ಟಿಗೊಂದು ಎಂದು ಎರಡು ಕಾನೂನು ಇಟ್ಟುಕೊಂಡರೆ ನಾನು ಇಲ್ಲಿಯವರೆಗೆ ಹಾಕಿದ ಸೀಲುಗಳಿಗೆಲ್ಲ ಏನರ್ಥ?

ದಿನವೂ ಅಡುಗೆ ಮಾಡಿ ಡಬ್ಬಿ ಹಿಡಿದು ಹೋಗುತ್ತಿದ್ದೆ. ಅವಳು ಡಬ್ಬಿ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಹೋದಾಗ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಮೆಟ್ಟಿಲು ಒರೆಸುವ ಹೆಂಗಸು ಬಕೆಟ್ಟು ಪಕ್ಕಕ್ಕಿಟ್ಟು, ಏದುಸಿರು ಬಿಡುತ್ತ ಕೂತಿದ್ದಳು. ಅಮ್ಮ ಅವಳಿಗೆ ನೀರು ಕೊಟ್ಟಿದ್ದಳು.

"ಪಾಪ, ನನ್ನ ಮಗಳ ದೆಸೆಯಿಂದ ನಿನಗೂ ಮೆಟ್ಟಿಲು ಹತ್ತೋ ಗ್ರಹಚಾರ," ಎಂದಳು ಅಮ್ಮ, ನನಗೆ ಕೇಳಲೆಂದೇ.

"ನಂಗೇನು ಹೊಸದಾಮ್ಮ?" ಎಂದಳು ಅವಳು. "ಯಾವತ್ತೂ ಬಕೆಟ್ ಹೊತ್ಕೊಂಡೇ ಹತ್ತೋದು. ನಮಗೆ ಲಿಫ್ಟ್ ಇಲ್ವಲ್ಲ, ಕೆಳಗೆ ಬೋರ್ಡ್ ಹಾಕಿದಾರಲ್ಲ."

'ಕೆಲಸದವರು ಮೆಟ್ಟಿಲನ್ನೇ ಬಳಸತಕ್ಕದ್ದು.' ಲಿಫ್ಟಿನ ಪಕ್ಕದ ಆ ಬೋರ್ಡನ್ನು ಅಮ್ಮ ದಿನವೂ ನೋಡಿದ್ದಳು. ಅದು ಯಾರಿಗೆ ಎಂದು ಯೋಚಿಸಿರಲಿಲ್ಲ. ಈಗ ಆ ಹೆಂಗಸಿನ ಲೋಟಕ್ಕೆ ಇನ್ನಷ್ಟು ನೀರು ಸುರಿದಳು.

ಅಷ್ಟರಲ್ಲಿ ನಾಳೆ ಸಾಹೇಬರು ಬೆವರುತ್ತ ಹತ್ತಿ ಬಂದರು. ಕೈಯಲ್ಲೊಂದು ಕಾಗದ.

"ಅಮ್ಮಾ, ಇದಕ್ಕೊಂದು ಸಹಿ ಹಾಕಿಬಿಡಿ. ನನ್ನ ಸ್ವಂತ ಜವಾಬ್ದಾರಿಯ ಮೇಲೆ ಲಿಫ್ಟ್ ಬಳಸ್ತೀನಿ, ಮಗಳು ಸೀಲು ತೆಗೀಲಿ ಅಂತ. ವಯಸ್ಸಾದೋರ ಮಾತು ಮೇಡಂ ತೆಗೆದುಹಾಕಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದಳು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನನ್ನ ಜವಾಬ್ದಾರಿ ನಾನು ಹೊತ್ಕೊಂಡೆ. ಲಿಫ್ಟ್ ಬಿದ್ರೆ ಜೊತೇಲಿರೋ ಪಕ್ಕದ ಮನೆ ಕೂಸಿನ ಜವಾಬ್ದಾರಿ ಯಾರದ್ದು?"

"ಹಾಗೆಲ್ಲ ಬೀಳಲ್ಲಮ್ಮ..."

"ಬ್ರೇಕ್ ಹಿಡೀದಿದ್ರೆ ನನ್ನ ಡ್ರೈವರು ಬಸ್ಸನ್ನ ಡಿಪೋದಿಂದ ಆಚೆ ತೆಗೀತಾನೇ ಇರಲಿಲ್ಲ. ಪ್ಯಾಸೆಂಜರು ಬಯ್ಕೊಂಡ್ರೂ ತೆಗೀತಿರಲಿಲ್ಲ." ಇಲ್ಲಿ ಒಂದು ಗಳಿಗೆ ನನ್ನ ಕಡೆ ನೋಡಿದಳು. "ತಗೊಂಡೋಗಿ ಇದನ್ನ. ರಿಪೇರಿ ಮಾಡ್ಸಿ. ನಾಳೆ ಅಲ್ಲ."

ನನ್ನ ಕಣ್ಣು ತುಂಬಿ ಬಂತು. ಡಬ್ಬಿ ಇಡುವ ನೆಪದಲ್ಲಿ ಒಳಗೆ ಹೋದೆ.

ಮೇಲಿನ ಮಹಡಿಯವರಿಗೆಲ್ಲ ಅಷ್ಟು ಹೊತ್ತಿಗೆ ಸೊಂಟ ಹಿಡಿದಿತ್ತು. ಎಲ್ಲರೂ ಸೇರಿ ಕಾರ್ಯದರ್ಶಿಯ ನೀರಿಳಿಸಿದರು. ವರ್ಷಗಟ್ಟಲೆ ನಾಳೆಯಾಗಿದ್ದ ರಿಪೇರಿ ಆ ವಾರವೇ ಮುಗಿಯಿತು. ನಾನು ಪರೀಕ್ಷೆಗೆಂದು ಸೀಲು ಕಿತ್ತು, ಮತ್ತೆ ತೂಕ ಹೇರಿ ಬ್ರೇಕ್ ಎಳೆದೆ. ಕಚ್ಚಿತು ನೋಡಿ, ಕಟ್ಟಡವೇ ಅದುರುವ ಹಾಗೆ. ಮೇಲಧಿಕಾರಿ ಬಂದು ತಾವೂ ಎಳೆದು ನೋಡಿ ಸಹಿ ಹಾಕಿ ಹೋದರು. ನಾನು ಸರ್ಟಿಫಿಕೇಟನ್ನು ಒಳಗೆ ಅಂಟಿಸಿ, ಅಮ್ಮನನ್ನು ಕೆಳಗೆ ಕರೆತಂದೆ.

ಬೆಂಚಿನ ಹರಟೆ ಮುಗಿಸಿ ಅಮ್ಮ ವಾಪಸು ಬರುವಾಗ ನಾನು ಜೊತೆಗಿದ್ದೆ. ನಾಳೆ ಸಾಹೇಬರು ಕುರ್ಚಿಯನ್ನು ಲಿಫ್ಟಿನೊಳಗಿಟ್ಟು, ಒಳಗಿಂದಲೇ ಬಾಗಿಲು ಹಿಡಿದು ನಿಂತಿದ್ದರು. ಒರೆಸುವ ಹೆಂಗಸು ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿನ ಕಡೆ ಹೊರಟಿದ್ದಳು.

"ಏಯ್, ಎಲ್ಲಿಗೆ? ಒಳಗೆ ಬಾ," ಎಂದಳು ಅಮ್ಮ. ಬಸ್ಸಿನ ಹಿಂದಿನ ಸೀಟಿಗೂ ಕೇಳುತ್ತಿದ್ದ ದನಿ ಅದು.

ಕಾರ್ಯದರ್ಶಿ ಬೋರ್ಡಿನ ಕಡೆ ಬೆರಳು ತೋರಿಸಿದರು. "ಅಮ್ಮಾ, ನಮ್ಮ ನಿಯಮ..."

"ಮಗಳೇ, ಒಳಗೆ ಅಂಟಿಸಿದ್ಯಲ್ಲ, ಅದರಲ್ಲಿ ಏನಿದೆ ಓದು."

"ಆರು ಜನ," ಎಂದೆ.

"ಯಾವ ಆರು ಜನ ಅಂತ ಬರ್ದಿದೆಯಾ?"

"ಇಲ್ಲಮ್ಮ. ಬರ್ದಿಲ್ಲ."

"ಹಾಗಾದ್ರೆ ಸ್ವಲ್ಪ ಒಳಗೆ ಸರೀರಿ ಸ್ವಾಮಿ, ಜಾಗ ಬಿಡಿ."

ಸಾಹೇಬರು ಸರಿದರು. ಒರೆಸುವವಳು ಬಕೆಟ್ಟಿನ ಜೊತೆ ಮುದುಡಿಕೊಂಡು ಒಳಗೆ ಬಂದಳು. ಅಮ್ಮ ಅವಳನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾನು ನನ್ನ ತೋಳು ಹಿಡಿದು ನಿಂತಳು. "ಎಲ್ಲಾ ಬಂದ್ರಾ? ಹೋಗೋಣ," ಎಂದು ಗುಂಡಿ ಒತ್ತಿದಳು.

ಆ ಬೋರ್ಡು ಕೀಳುವುದು ನನ್ನ ಇಲಾಖೆಯ ಕೆಲಸವಲ್ಲ, ನಾನು ಮುಟ್ಟಲಿಲ್ಲ. ಮರುದಿನ ಸಂಜೆ ಹೋದಾಗ ಗೋಡೆಯ ಮೇಲೆ ನಾಲ್ಕು ತೂತು ಮಾತ್ರ ಇದ್ದವು. ಅಮ್ಮ ಬೆಂಚಿನಲ್ಲಿ ಗೆಳತಿಯರ ನಡುವೆ ಕೂತಿದ್ದಳು, ಅಡಿಯಲ್ಲಿ ಅದೇ ಬೋರ್ಡು.

"ಬೆಂಚು ತಣ್ಣಗಿತ್ತು, ಹಾಸ್ಕೊಂಡೆ," ಎಂದು ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿಕೊಟ್ಟಳು.