ಚೀಟಿಯ ಹಿಂಬದಿ

ಮಗಳು ಮೂರನೆಯ ಡ್ರಾಯರನ್ನೂ ನೆಲಕ್ಕೆ ಸುರಿದಳು. ಹೊರಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಸ್ಮಶಾನಕ್ಕೊಯ್ಯುವ ಗಾಡಿ ಬರಲು ಇನ್ನು ಅರ್ಧ ಗಂಟೆಯಿತ್ತು.

"ಏನೇ ಇದು, ಇವತ್ತೇ ಆಗ್ಬೇಕಾ?" ಬಾಗಿಲಲ್ಲಿ ನಿಂತು ಚಿಕ್ಕಮ್ಮ ಕೇಳಿದಳು.

"ಹಾಸ್ಟೆಲಿಂದ ನಾಲ್ಕು ವರ್ಷ ವಾರವಾರ ಬರೆದ ಕಾಗದ, ಚಿಕ್ಕಮ್ಮ. ಒಂದಾದ್ರೂ ಇಟ್ಕೊಂಡಿದ್ನಾ ಅಂತ ನೋಡ್ಬೇಕು. ಅಪ್ಪ ಹೋಗೋಕೆ ಮುಂಚೆ."

"ತನ್ನ ಕನ್ನಡಕ ಎಲ್ಲಿಟ್ಟೆ ಅನ್ನೋದೇ ಗೊತ್ತಿರದ ಮನುಷ್ಯ ಅವನು" ಎಂದು ಚಿಕ್ಕಮ್ಮ ಮೂಗೊರೆಸಿಕೊಂಡಳು.

ಕನ್ನಡಕದ ಮಾತು ನಿಜ. ಆದರೆ ಸಾವಿರದೈನೂರು ವರ್ಷದ ಹಿಂದಿನ ಪದವನ್ನು ಅವನು ಹುಡುಕಿ ತರುತ್ತಿದ್ದ. ಮೂವತ್ತೊಂದು ವರ್ಷ ನಿಘಂಟು ಕಚೇರಿಯಲ್ಲಿ ಕೂತು, ಯಾರೂ ಬರೆದಿಡದ ಮೂಲ ಸ್ಲಾವಿಕ್ ಭಾಷೆಯ ನಾಮಪದಗಳನ್ನು ರಷ್ಯನ್, ಪೋಲಿಷ್‌ನಂಥ ಅದರ ಮಕ್ಕಳ ಭಾಷೆಗಳಿಂದ ಹೆಕ್ಕಿ ಕಟ್ಟಿದವನು. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

*

ಹತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಳು: "ಅಪ್ಪ, ಇವತ್ತು ಎಷ್ಟು ಪದ ಮಾಡ್ದೆ?"

"ಅದೇನು ಇಟ್ಟಿಗೆನಾ? ಆರು ವರ್ಷದಿಂದ ಒಂದೇ ಪದ. 'ದುತ್ಯಿ'. ಮಗಳು ಅಂತ. ಸಂಸ್ಕೃತದ 'ದುಹಿತೃ' ಇದೆಯಲ್ಲ, ಅದರ ದೂರದ ನೆಂಟ. ಒಂಟಿಯಾಗಿ ನಿಂತಾಗ ಕೊನೇ ರಕಾರ ಕಾಣಲ್ಲ. 'ಮಗಳ' ಅನ್ನೋವಾಗ ನೋಡು, 'ದುತ್ಯೆರೆ', ಬಂದ್ಬಿಡುತ್ತೆ."

ಅವನ ಕಣ್ಣು ಅಷ್ಟು ಹೊಳೆದದ್ದನ್ನು ಅವಳು ಮತ್ತೆ ಕಾಣಲಿಲ್ಲ. ಮರುವರ್ಷ ಅಮ್ಮ ತೀರಿಕೊಂಡಳು. ಅಪ್ಪ ಮಗಳನ್ನು ಹಾಸ್ಟೆಲಿಗೆ ಸೇರಿಸಿದ. ಕಾಗದಗಳಿಗೆ ಉತ್ತರ ಬರಲಿಲ್ಲ. ಆ ಒಂದು ಪದದ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆಗ.

*

ನಿಘಂಟು ಕಚೇರಿಯಲ್ಲಿ ಪದಗಳ ಟಿಪ್ಪಣಿ ಚೀಟಿ ಜೋಡಿಸುವ ಹೆಂಗಸು ಉದ್ದನೆಯ ಮರದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಒಳಬಂದಳು.

"ಸರ್ ಅಚ್ಚಿಗೆ ಕೊಡದೇ ಇಟ್ಕೊಂಡಿದ್ದ ಪದದ ಚೀಟಿಗಳಮ್ಮ. ಇದಕ್ಕೆ ಮಾತ್ರ ಕಚೇರಿ ಚೀಟಿ ಮುಟ್ತಿರ್ಲಿಲ್ಲ. ಮನೆಯಿಂದ ಕಾಗದ ತಂದು, ಕಿಟಕಿ ಹತ್ರ ನಿಂತು ಎರಡೆರಡು ಸಲ ಓದಿ, ಆಮೇಲೆ ಕತ್ತರಿಸ್ತಿದ್ರು."

"ಕತ್ತರಿಸ್ತಿದ್ನಾ?"

"ಅಯ್ಯೋ, ಹಾಳ್ಮಾಡ್ತೀರಲ್ಲ ಅಂತ ಬೈದೆ. 'ಮನೇಲಿಟ್ರೆ ಕಳೆದುಹಾಕ್ತೀನಿ ತಾಯಿ, ಇಲ್ಲಿ ಚೀಟಿನ ಯಾರೂ ಎಸೆಯೋ ಹಾಗಿಲ್ವಲ್ಲ' ಅಂದ್ರು ಪುಣ್ಯಾತ್ಮ."

ಮಗಳು ಒಂದು ಚೀಟಿಯನ್ನು ಎಳೆದಳು. ಮುಂಬದಿಯಲ್ಲಿ ಅಪ್ಪನ ಇರುವೆಸಾಲಿನ ಅಕ್ಷರ: ದುತ್ಯಿ. ಹಿಂಬದಿಯಲ್ಲಿ ಹನ್ನೊಂದು ವರ್ಷದ ಹುಡುಗಿಯ ಕೈಬರಹ, ಅರ್ಧಕ್ಕೆ ತುಂಡಾದದ್ದು: "ಅಪ್ಪ, ಇಲ್ಲಿ ತುಂಬಾ". ಸಿಟ್ಟೂ ಬಂತು, ಅಳುವೂ ಬಂತು. ಇಂಥ ಕೆಲಸ ಆ ಮನುಷ್ಯನೊಬ್ಬನೇ ಮಾಡಬಲ್ಲ.

ಹೊರಗೆ ಗಾಡಿಯ ಹಾರನ್ ಕೇಳಿಸಿತು. "ಬಾರೇ, ಎತ್ತೋಕೆ ಬಂದಿದಾರೆ" ಎಂದಳು ಚಿಕ್ಕಮ್ಮ.

"ಸ್ವಲ್ಪ ತಡೀರಿ ಅನ್ನು."

ಪೆಟ್ಟಿಗೆ ಹೊತ್ತು ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಚೀಟಿಗಳನ್ನು ಬೋರಲಾಗಿಸಿ, ಅಂಚಿಗೆ ಅಂಚು ಕೂಡಿಸುತ್ತ, ಮೊದಲ ಕಾಗದವನ್ನು ಅವನಿಗೆ ಗಟ್ಟಿಯಾಗಿ ಓದತೊಡಗಿದಳು.