ಓದುವವಳ ಸಾಲು

ಮತ್ತೊಂದು ಇರುವೆ, ಎಸಳೇ ಬಿಚ್ಚದ ಮೊಗ್ಗಿನೊಳಗೆ ಇದು ಎಲ್ಲಿಂದ ಹೊಕ್ಕಿತೋ, ಹಾಲವ್ವ ಉಫ್ ಅಂತ ಊದಿದಳು, ಹೋಗಲಿಲ್ಲ, ಇರ್ಲಿ ಬಿಡು, ನಿನ್ನ ಪಾಡು ನಿನಗ, ಮೊಗ್ಗಿನ ಬುಡಕ್ಕೆ ಹೆಬ್ಬೆರಳ ಉಗುರು ಒತ್ತಿ ಸುತ್ತ ತಿರುವಿ ಎಳೆದಳು, ಎಸಳಿನ ಸಂಗಡ ಗಂಡಿನ ಹಳದಿ ಪುಡಿಯೆಲ್ಲ ಟೊಪ್ಪಿಗೆಯಂಗ ಕಿತ್ತು ಬಂತು, ನಡುವೆ ಹೆಣ್ಣಿನ ಕಡ್ಡಿ ಒಂದೇ ಬತ್ತಲೆ ನಿಂತಿತು, ಅದರ ತಲೆಗೆ ಕೆಂಪು ಹಾಳಿಯ ಕುಂಚಿಗೆ ತೊಡಿಸಿದಳು — ನಾಳೆ ಮುಂಜಾನೆ ಆಚೆ ಪಟ್ಟಿಯ ಗಂಡುಹೂವು ತಂದು ಇದಕ್ಕೆ ಸವರಬೇಕು, ಬೀಜದ ಹತ್ತಿ ಅಂದರೆ ಇಷ್ಟೇ, ಮುಂಜಾನೆ ಕೂಡಿಸೋದು, ಮಧ್ಯಾಹ್ನ ಕೀಳೋದು — ಆ ಹುಡುಗಿ ಮಳೆಯಲ್ಲಿ ನಿಂತಿದ್ದಳು, ಅವಳಿಗೆ ಯಾರೂ ಇರಲಿಲ್ಲ, ಅಂತ ಬದುವಿನ ಮೇಲಿನಿಂದ ಮಾಲಾನ ದನಿ, ಬಾಯಿ ಒಣಗಿದ ದನಿ, ಕಾದಂಬರಿಯೊಳಗಿನ ಮಳೀನ ಈ ಬಿಸಿಲಾಗ ಕುಂತು ಓದ್ತತಿ ಕೂಸು. ಹದಿನಾರು ತುಂಬಿದರೂ ಹಾಲವ್ವನಿಗೆ ಅದು ಕೂಸೇ. ಒಳ್ಳೆ ಚೂಡಿದಾರ ಹಾಕ್ಕೊಂಡು ಬಂದೈತಿ ಹೊಲಕ್ಕ, ಮನ್ಯಾಗ ಚೀಲ ಕಟ್ಟಿ ಬಾಗಿಲ ಹಿಂದ ಇಟ್ಟೈತಿ, ಹಾನಗಲ್ಲಿನ ಹಾಸ್ಟೇಲಿನ್ಯಾಗ ಸೀಟು ಬಂದೈತಿ, ಇವತ್ತ ಐದರೊಳಗ ತಾಯಿ ಬಂದು ಸೈ ಮಾಡಿ ಬಿಟ್ಟು ಹೋಗಬೇಕು, ಇಲ್ಲಂದರ ಮುಂದಿನ ನಂಬರಿನವರಿಗೆ, ಹಂಸಭಾವಿಯಿಂದ ಎರಡೂ ಮುಕ್ಕಾಲಕ್ಕ ಈ ರೋಡಿಗೆ ಬರೋದು ಒಂದ ಬಸ್ಸು, ಅದು ತಪ್ಪಿದರ ಮುಗೀತು. ಈಗೆಷ್ಟಾಗಿರಬೇಕು, ಗಿಡದ ನೆರಳು ಬುಡ ಬಿಟ್ಟು ಗೇಣು ದಾಟೈತಿ, ಎರಡಂತೂ ಹೊಡೆದಿರಬೇಕು. ತಾಯಿ ಎರಡು ಸಾಲಿನಾಚೆ ಇದ್ದಾಳೆ, ಜಯಾ, ಹಾಲವ್ವನ ತೀರಿಹೋದ ತಂಗಿಯ ಮಗಳು, ಹತ್ತು ಹೆಂಗಸರ ಈ ಗ್ಯಾಂಗು ಅವಳ ಕೈಯಾಗ, ತಲೆ ಎತ್ತುವುದಿಲ್ಲ, ಆದರೂ ಎಲ್ಲಾ ಕಾಣ್ತತಿ ಆಕಿಗೆ. ಏ ಗುತ್ತೆವ್ವಾ, ಅಲ್ಲೊಂದು ಮೊಗ್ಗಿ ಬಿಟ್ಟೀಯಲ್ಲ, ಕಣ್ಣು ಗಂಡನ ಕಡೆ ಇಟ್ಟು ಬಂದಿಯೇನ? ಆ ಗಂಡನ್ನ ನೋಡಿ ನೋಡೇ ಸವದಾವ ಬಿಡವಾ, ಅಂದಳು ಪಕ್ಕದ ಸಾಲಿನ ಗುತ್ತೆವ್ವ, ಎಲ್ಲರೂ ನಕ್ಕರು, ಮಾಲಾ ನಗಲಿಲ್ಲ, ನಗು ಮುಗಿಯುವತನಕ ಸಾಲಿನ ಕೆಳಗೆ ಬೆರಳಿಟ್ಟು ಕಾದು ಮುಂದೆ ಓದಿದಳು. ಓದುವವಳ ಸಾಲನ್ನು ಉಳಿದವರು ಹಂಚಿಕೊಂಡು ಮಾಡಬೇಕು, ಇದು ಗ್ಯಾಂಗಿನ ಕಟ್ಟಳೆ, ಇಪ್ಪತ್ತು ವರ್ಷದ ಕೆಳಗೆ ಹಾಲವ್ವನೇ ಹಾಕಿದ್ದು, ಕಥಿ ಕೇಳಿದರ ಕೈ ದಣಿಯಂಗಿಲ್ಲ ಅಂತ ಹೇಳಿ, ಅಯ್ಯೋ ಆ ಕಥಿ, ಯಾವ ಪುಣ್ಯಾತ್ಮರು ಬರದಿದ್ದರೋ ಅವನ್ನ, ತಾನು ಅವನ್ನ ಓದಲೇಬಾರದಿತ್ತು.

ನಲವತ್ತಕ್ಕೆ ಅಕ್ಷರ ಕಲಿತವಳು, ಸಾಕ್ಷರತಾ ಕ್ಲಾಸಿನಲ್ಲಿ, ಬೆರಳು ಸುಣ್ಣದಾಗ ಅದ್ದಿ ಹಲಗೆಯ ಮೇಲೆ, ಆಮೇಲೆ ಚಾವಡಿಯ ಪೆಟಿಗೆಯಲ್ಲಿ ಹೊದಿಕೆ ಹರಿದ ಒಂದು ಕಾದಂಬರಿ ಸಿಕ್ಕಿತು, ನಾಲ್ಕು ತಿಂಗಳು ಹಿಡೀತು ಅದು, ದಿನಕ್ಕೆ ಒಂದು ಹಾಳಿ, ಒಂದೊಂದು ಸಲ ಅರ್ಧ. ಅದರಾಗೊಂದು ತಬ್ಬಲಿ ಹುಡುಗಿ, ಹಸಿವು, ಬಡಿತ, ಕಾಲಾಗ ಮೆಟ್ಟಿಲ್ಲ, ಆಸೆ ಇಟ್ಟದ್ದೆಲ್ಲ ಕೈ ತಪ್ಪೋದು, ಆಮ್ಯಾಲೆ ಯಾರೋ ಒಬ್ಬರು ಹಿರಿಯರು ಕೈ ಹಿಡಿಯಲಿಕ್ಕೆ ಅಡ್ಡ ಬರೋದು, ಒಬ್ಬ ಮಾಸ್ತರನೋ, ಸಿಡುಕಿನ ಒಬ್ಬಾಕಿ ಅತ್ತಿನೋ, ಆ ಹಿರಿಯರನ್ನ ನೋಡಿ ನೋಡಿ ಹುಡುಗಿ ಗಟ್ಟಿ ಆಗೋದು, ದೊಡ್ಡಾಕಿ ಆಗೋದು. ಎರಡನೆಯದೂ ಹಂಗ. ಮೂರನೆಯದರಾಗ ಹುಡುಗ, ಅಷ್ಟೇ ಫರಕು. ಹನ್ನೊಂದು ಕಾದಂಬರಿ ಓದಿದಳು ಹಾಲವ್ವ, ಹನ್ನೊಂದರಾಗ ಒಂದೂ ತಪ್ಪಲಿಲ್ಲ, ಎಡಗೈಯ ಹಾಳಿ ದಪ್ಪ ಆದಂಗ ಕಷ್ಟ ತೆಳ್ಳಗಾಗ್ತತಿ, ಬೆರಳಿನಿಂದ ಹಿಡಿದು ನೋಡಿದರೇ ಗೊತ್ತಾಗುತ್ತಿತ್ತು ಇನ್ನೆಷ್ಟು ಅಳಬೇಕು ಅಂತ. ಬೆಳೀಲಾರದೇ ಹೋದ ಹುಡುಗೂರ ಮ್ಯಾಲೆ ಯಾರೂ ಪುಸ್ತಕ ಬರಿಯಂಗಿಲ್ಲ ಅನ್ನೂದು ಆಗ ಹೊಳೀಲಿಲ್ಲ, ಹೇಳುವವರೂ ಇರಲಿಲ್ಲ. ಒಂಬತ್ತು ವರ್ಷದ ಜಯಾ ಆಗಲೇ ಮನೆಯಲ್ಲಿತ್ತು, ತಂಗಿಯ ಮಣ್ಣು ಮುಗಿಸಿ ಕೈ ಹಿಡಿದು ಕರೆತಂದದ್ದು, ಹಾಲವ್ವನಿಗೆ ಮಕ್ಕಳಿಲ್ಲ, ಗಂಡ ಇಲ್ಲ, ದೇವರ ಕೈಯಿಂದ ಕಾದಂಬರಿಯ ಹುಡುಗಿಯೇ ಬಂದಂಗಿತ್ತು, ತಬ್ಬಲಿ, ಚುರುಕು, ಗಟ್ಟಿ ಮಾಡುವ ಹಿರಿಯರು ಮಾತ್ರ ಬೇಕು, ನಾನ ಆಗ್ತೇನಿ ಅಂದುಕೊಂಡಳು, ಮ್ಯಾಲೆ ಕಲ್ಲು ಒಳಗ ಬೆಣ್ಣಿ. ಹುಡುಗಿಯ ಚಪ್ಪಲಿ ಅಟ್ಟದ ಮೇಲೆ ಇಟ್ಟಳು, ಎಲ್ಲಿ ಹೋದವು ದೊಡ್ಡವ್ವಾ? ನಾಯಿ ಒಯ್ದಿರಬೇಕು ನಡಿ, ಹಂಸಭಾವಿಯ ಸಾಲಿಗೆ ಪಾಟಿಚೀಲ ಹೊತ್ತು ಮೂರು ಕಿಲೋಮೀಟರು ಬರಿಗಾಲು, ಹಿಮ್ಮಡದಾಗ ಜಾಲಿಮುಳ್ಳು ಮುರಿದರೆ ಸೂಜಿಯಿಂದ ತೆಗೆದಳು, ಅಯ್ಯೋ ಅನ್ನಲಿಲ್ಲ, ಅಳಬ್ಯಾಡ, ಅತ್ತರ ಇನ್ನೂ ಆಳಕ್ಕ ಚುಚ್ತೇನಿ. ಎಮ್ಮಿ ಹಾಲು ಡೇರಿಗೆ, ಹುಡುಗಿಗೆ ಕರೇ ಚಹಾ. ಜಡೆ ಕತ್ತರಿಸಿದಳು, ಚೆಂದ ಇದ್ದರ ಮನಸ್ಸು ಕೆಡ್ತತಿ ಅಂತ. ಆಮೇಲೆ ಹಿತ್ತಲಿಗೆ ಹೋಗಿ ಕುಳ್ಳಿನ ಗೂಡಿನ ಹಿಂದೆ ಕುಂತು ಅಳುತ್ತಿದ್ದಳು, ಪುಸ್ತಕದ ಅತ್ತಿನೂ ಹಿತ್ತಲದಾಗೇ ಅಳುತ್ತಿದ್ದಳು, ಅದಕ್ಕ ಆ ಅಳು ರುಚಿ ಹತ್ತಿತ್ತು, ಸುಳ್ಳು ಯಾಕ ಹೇಳಬೇಕು, ಹುಡುಗಿಯ ಕಾಲಿನ ರಕ್ತಕ್ಕಿಂತ ತನ್ನ ಕಣ್ಣೀರು ದೊಡ್ಡದು ಕಾಣುತ್ತಿತ್ತು.

ಹತ್ತನೇತ್ತ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು ಹುಡುಗಿ, ಆಕೆಯ ಸಾಲಿಯ ಮಾಲತೇಶ ಮಾಸ್ತರು ಹಾನಗಲ್ಲಿನ ಹಾಸ್ಟೇಲಿಗೆ ಫಾರಂ ತುಂಬಿ ಕೊಟ್ಟು ತಾವು ಸವಣೂರಿಗೆ ವರ್ಗ ಆಗಿ ಹೋದರು, ಶ್ರಾವಣದಾಗ ಟಪಾಲಿನ ಯಲ್ಲಪ್ಪ ಸೈಕಲ್ಲು ನಿಲ್ಲಿಸಿದ, ಹಾಲವ್ವಾರ, ಸರಕಾರದ್ದು ಬಂದೈತ್ರಿ, ಹೆಬ್ಬಟ್ಟು ಒತ್ತುವಂಥಾಕಿ ಅಲ್ಲ ನೀವು, ಸೈ ಮಾಡ್ರಿ, ಮಾಡಿದಳು, ಹೆಮ್ಮೆಯಿಂದ ಮಾಡಿದಳು, ಜಯಾ ದನ ಮೇಯಿಸಲಿಕ್ಕೆ ಹೋಗಿತ್ತು, ಮಧ್ಯಾಹ್ನವೆಲ್ಲ ಬೆರಳಿಟ್ಟು ಓದಿದಳು, ಆಯ್ಕೆ ಪಟ್ಟಿ, ಕ್ರಮಸಂಖ್ಯೆ ಮೂರು, ಎಂಟು ದಿನದೊಳಗೆ ಹಾಜರಾಗತಕ್ಕದ್ದು. ಮೊದಲು ಸಂತೋಷಕ್ಕ ಕಾಗದಾನ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ — ಇಷ್ಟು ಲಗೂನ? ಇನ್ನೂ ಏನ ಕಂಡೈತಿ ಹುಡುಗಿ, ಹನ್ನೊಂದು ಪುಸ್ತಕದಾಗ ಯಾವುದರಾಗೂ ಮೊದಲನೇ ಆಸೆ ಕೈಗೆ ಹತ್ತಿಲ್ಲ, ಮೊದಲನೇದು ಮುರೀಬೇಕು, ಮುರಿದಾಗ ಹುಡುಗಿ ಗಟ್ಟಿ ಆಗೋದು, ಎರಡನೇದು ತಾನಾಗಿ ಹುಡುಕ್ಕೊಂಡು ಬರೋದು, ಅದು ಇದಕ್ಕಿಂತ ದೊಡ್ಡದಿರ್ತತಿ, ಒಂದ ವರ್ಷ ತಾಳ್ಲಿ, ಸೀಟ ಎಲ್ಲಿ ಓಡಿ ಹೋಗ್ತತಿ, ಅಂದುಕೊಂಡು ಕಾಗದವನ್ನು ಜೋಳ ತುಂಬಿಡುವ ಹಗೇವಿನ ಸಂದಿಗೆ ತುರುಕಿದಳು. ಕಾಗದ ಬಂತೇನು ದೊಡ್ಡವ್ವಾ? ಇಲ್ಲ ಮಗಳ. ಬಂತೇನು ಇವತ್ತರ? ಇಲ್ಲ. ಎಂಟು ದಿನ ಯಲ್ಲಪ್ಪನ ಸೈಕಲ್ಲಿನ ಸಪ್ಪಳಕ್ಕೆ ಬಾಗಿಲಿಗೆ ಓಡುತ್ತಿತ್ತು, ಒಂಬತ್ತನೇ ದಿನ ಹಾಲವ್ವ ಕಾಗದವನ್ನು ಒಲೆಗೆ ಇಟ್ಟಳು, ಆ ಉರಿಗೆ ರೊಟ್ಟಿ ಚಲೋ ಉಬ್ಬಿತು, ತಾಟಿಗೆ ಹಾಕಿ ಕೊಟ್ಟಳು, ಉಣ್ಣುತ್ತ ಹುಡುಗಿ ಅಂತು, ನಾ ದಡ್ಡಿ ದೊಡ್ಡವ್ವಾ, ನನ್ನ ಮಾರ್ಕ್ಸು ಅವರಿಗೆ ಸಾಲಿಲ್ಲ. ತಾನಾಗಿ ಹುಡುಕ್ಕೊಂಡು ಬರಬೇಕಾದ ಎರಡನೆಯದು ಬರಲಿಲ್ಲ. ಮರುವರ್ಷ ಇನ್ನೊಂದು ಸೀಟು ಕೇಳಲಿಕ್ಕೆ ಹಾಲವ್ವ ಸವಣೂರಿಗೆ ಹೋದಳು, ಟವೆಲ್ಲಿನಲ್ಲಿ ಒಂದು ಕಟ್ಟು ವೀಳ್ಯದೆಲಿ ಸುತ್ತಿಕೊಂಡು, ಮಾಸ್ತರು ಎಲೆ ಮುಟ್ಟಲಿಲ್ಲ, ಸೀಟು ಕೊಟ್ಟರೂ ಹುಡುಗಿ ಬರಲಿಲ್ಲ, ಹೇಳಿದವನ ಮಾರಿ ಏನಾತು ಹೇಳ್ರಿ, ಇನ್ನ ಯಾರ ಸಲುವಾಗೂ ಹೇಳೂದಿಲ್ಲ ನಾನು ಅಂದರು. ಬಸ್ಸಿನಿಂದ ಇಳಿಯುವ ಪ್ಯಾಂಟು ಹಾಕಿದವರನ್ನೆಲ್ಲ ಎರಡು ವರ್ಷ ನೋಡಿದಳು, ಪುಸ್ತಕದ ಆ ಹಿರಿಯರು ಇವರಾದರೂ ಇರಬಹುದೇನೋ ಅಂತ, ಯಾರೂ ಅಡ್ಡ ಬರಲಿಲ್ಲ. ಹತ್ತಿಹೂವು ಕೂಡಿಸುವ ಈ ಕ್ರಾಸಿಂಗಿಗೆ ಹಚ್ಚಿದಳು ಹುಡುಗಿಯನ್ನು, ಲಗ್ನ ಮಾಡಿದಳು, ಗಂಡ ಶಿಗ್ಗಾವಿ ಕಡೆ ಇನ್ನೊಬ್ಬಾಕಿಯನ್ನು ಕಟ್ಟಿಕೊಂಡು ಅಲ್ಲೇ ನಿಂತ, ಮೂರು ತಿಂಗಳ ಮಾಲಾನ ಬೆನ್ನಿಗೆ ಕಟ್ಟಿಕೊಂಡು ಮತ್ತೆ ಇದೇ ಸಾಲಿಗೆ ಬಂದಳು ಜಯಾ, ಅಳಲಿಲ್ಲ, ಅಷ್ಟು ಚಂದ ಕಲಿಸಿದ್ದಳು ಹಾಲವ್ವ. ಹೋದ ವರ್ಷ ಕೂಲಿಯವರ ಟೆಂಪೋದಾಗ ಎಲ್ಲಾರ ಮುಂದ ಅಂದಳಲ್ಲ ಜಯಾ, ನಮ್ಮ ದೊಡ್ಡವ್ವ ನನ್ನ ಕಲ್ಲ ಮಾಡಿ ನಿಲ್ಲಿಸ್ಯಾಳ್ರೇ, ಆಕೀನ ನೋಡಿ ಕಲತೇನಿ ನಾನು, ಇಲ್ಲಂದ್ರ ಎಂದೋ ಬಾವಿ ನೋಡಿಕೋತಿದ್ದೆ, ಅಂತ — ಆ ಒಂದು ಮಾತಿನ ಮೇಲೆ ಒಂದು ವರ್ಷ ಬದುಕಿದ್ದಾಳೆ ಮುದುಕಿ, ಹಾಸಿಗೆಯಲ್ಲಿ ಮಗ್ಗಲು ಹೊರಳಿದಾಗಲೆಲ್ಲ ಅದನ್ನ ತೆಗೆದು ನೋಡ್ಯಾಳ.

ಇವತ್ತು ಮುಂಜಾನೆ ಮಾಲಾ ಫೋನಿನಲ್ಲಿ ಹಾಸ್ಟೇಲಿನ ಪಟ್ಟಿ ತೋರಿಸಿದಾಗ ಜಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಒಂದ ವರ್ಷ ತಾಳ್ಲಿ ಇಕಿ, ಸೀಟ ಎಲ್ಲಿ ಓಡಿ ಹೋಗ್ತತಿ, ಅಂದಳು. ಹಾಲವ್ವ ಚಹಾ ಬಟ್ಟಲು ಕೆಳಗಿಟ್ಟಳು. ಆ ಮಾತನ್ನು ಬಾಯಿಬಿಟ್ಟು ಎಂದೂ ಆಡಿರಲಿಲ್ಲ, ಹಗೇವಿನ ಮುಂದೆ ಕುಂತು ಮನಸ್ಸಿನಾಗೆ ಅಂದುಕೊಂಡದ್ದು, ಅಕ್ಷರ ಬಿಡದಂಗ ಈಕಿ ಬಾಯಿಗೆ ಹೆಂಗ ಬಂತು. ಅವ್ವಾ, ಅಂತು ಮಾಲಾ. ಏನು ಅವ್ವಾ, ನನಗ ಯಾರು ಸೀಟು ಕೊಟ್ಟಿದ್ದರು? ದೊಡ್ಡವ್ವ ಕಷ್ಟ ಕೊಟ್ಲು, ಬೆಳೀಲಿಲ್ಲೇನು ನಾನು, ಕೇಳು ನಿಮ್ಮ ಆಯಿನ್ನ. ಮಾಲಾ ಹಾಲವ್ವನ ಕಡೆ ನೋಡಿತು, ಆಯಿ ಚಹಾ ಕುಡಿದಳು. — ದೂರದಲ್ಲಿ ಅವಳಿಗೆ ಒಂದು ದೀಪ ಕಂಡಿತು, ಅಂತ ಓದುತ್ತಿದೆ ಕೂಸು, ನೆರಳು ಇನ್ನೂ ನಾಲ್ಕು ಬೆರಳು ಸರಿದೈತಿ, ಬಂಡಿದಾರಿ ಹಿಡಿದು ರೋಡಿಗೆ ಹತ್ತು ನಿಮಿಷ, ಈಗ ಎದ್ದರ ಸಿಗ್ತತಿ, ಹೇಳಿದರ ಏನಾಗ್ತತಿ, ಹೇಳಿದರ ಟೆಂಪೋದಾಗಿನ ಆ ಮಾತು ಹೋಗ್ತತಿ, ಇರೋದು ಅದೊಂದ, ಎಪ್ಪತ್ತೆರಡು ವರ್ಷದಾಗ ದುಡಿದದ್ದು ಅದೊಂದ, ಹೋಗ್ಲಿ — ಜಯಾ, ಅಂದಳು. ಏನ ದೊಡ್ಡವ್ವಾ. ಕೂಸನ್ನ ಕರಕೊಂಡು ಹೋಗು, ಬಸ್ಸಿನ ಹೊತ್ತಾತು. ಮುಂಜಾನೇನ ಆ ಮಾತು ಮುಗದೈತಿ. ನಿನ್ನ ಕಾಗದಾನೂ ಬಂದಿತ್ತು ಜಯಾ. ಯಾವ ಕಾಗದ? ಹಾಸ್ಟೇಲಿಂದು, ಬಂದಿತ್ತು, ನಾನು ಸೈ ಮಾಡಿ ಇಸಕೊಂಡೆ, ನಿನಗ ಕೊಡಲಿಲ್ಲ, ಒಲ್ಯಾಗ ಹಾಕಿದೆ, ನೀ ಇನ್ನೂ ಗಟ್ಟಿ ಆಗ್ಲಿ ಅಂತ ಹಾಕಿದೆ, ಪುಸ್ತಕದಾಗ ಹಂಗ ಇತ್ತು. ಓದು ನಿಂತಿತು. ಶಿವನೇ, ಅಂದಳು ಗುತ್ತೆವ್ವ. ಹತ್ತು ಹೆಂಗಸರ ಕೈ ನಿಂತವು, ಜಯಾನ ಕೈ ನಿಲ್ಲಲಿಲ್ಲ, ಒಂದು ಮೊಗ್ಗು, ಎರಡು, ಮೂರು, ಕೆಂಪು ಹಾಳಿ, ಕೆಂಪು ಹಾಳಿ. ಎಷ್ಟನೇ ನಂಬರ ಇತ್ತು ದೊಡ್ಡವ್ವಾ ನಂದು? ಮೂರನೇದು. ಮೂರು, ಅಂದಳು ಜಯಾ, ಗೊತ್ತಿರದ ಊರಿನ ಹೆಸರು ಅಂದಂಗ ಅಂದಳು, ಮೂರು, ನಾ ದಡ್ಡಿ ಅಂತ ತಿಳಕೊಂಡು ಇಪ್ಪತ್ತೆರಡು ವರ್ಷ ಯಾರ ಮುಂದೂ ಸಾಲಿ ಮಾತ ತಗೀಲಿಲ್ಲ ನಾನು. ಈಗ ಅಳ್ತಾಳ, ಈಗ ಕಲ್ಲು ತಗೊಂಡು ಒಗೀತಾಳ, ಒಗೀಲಿ, ಒಗೆದು ಮಗಳ ಕೈ ಹಿಡಿದು ರೋಡಿಗೆ ಓಡಲಿ, ಹೊತ್ತೈತಿ ಇನ್ನೂ ಹೊತ್ತೈತಿ. ಏಳ ನನ್ನವ್ವಾ, ಅಂದಳು ಹಾಲವ್ವ, ನನ್ನ ಏನರ ಮಾಡು, ಕೂಸನ್ನ ಕಳಿಸು, ಅದಕ್ಕ ಇದು ಆಗಬಾರದು. ಜಯಾ ಆಗ ತಲೆ ಎತ್ತಿದಳು, ಒಣ ಕಣ್ಣು, ಯಾಕ ಆಗಬಾರದು, ಅಂದಳು, ಮೆಲ್ಲಗೆ ಅಂದಳು, ನನಗ ಆಗಬೋದು, ಇಕಿಗೆ ಯಾಕ ಆಗಬಾರದು, ನಾ ಒಬ್ಬಾಕಿನ ಯಾಕ ದೊಡ್ಡವ್ವಾ?

ರೋಡಿನ ಕಡೆ ಬಸ್ಸಿನ ಹಾರ್ನು ಕೇಳಿತು, ತಿಳವಳ್ಳಿ ದಾರಿಯ ತಿರುವಿನಾಗ ಹೊಡೆಯೋ ಉದ್ದನೆ ಹಾರ್ನು, ಯಾರೂ ಆ ಕಡೆ ನೋಡಲಿಲ್ಲ. ಮಾಲಾ, ಇಳಿದು ಬಾ ಕೆಳಗ, ನಿನ್ನ ಸಾಲು ನೀನ ಹಿಡಿ, ದೊಡ್ಡವ್ವಾ, ನೀ ಹೋಗಿ ಬದುವಿನ ಮ್ಯಾಲೆ ಕುಂದ್ರು, ಆ ಮಳಿ ಸಾಕು, ಕಡೀ ಹಾಳಿ ತಗಿ, ಹುಡುಗಿ ದೊಡ್ಡಾಕಿ ಆಗ್ತಾಳಲ್ಲ, ಅಲ್ಲಿಂದ ಓದು, ಎಲ್ಲಾರಿಗೂ ಕೇಳುವಂಗ ಓದು. ಗುತ್ತೆವ್ವ ಮುಂದಿನ ಮೊಗ್ಗಿಗೆ ಕೈ ಹಾಕಿದಳು, ನಾಳೆಯೂ ಇದೇ ಗ್ಯಾಂಗಿಗೆ ಬರಬೇಕು ಆಕಿ. ಮಾಲಾ ಆಯಿಯ ಮುಂದೆ ಬಂದು ನಿಂತಿತು, ಬೈಯಲಿಲ್ಲ, ಅಳಲಿಲ್ಲ, ಪುಸ್ತಕ ಕೊಟ್ಟಿತು, ಓದು ಆಯಿ, ಅಂತು, ಚೂಡಿಯ ತೋಳು ಮಡಚಿ ಸಾಲಿಗೆ ಇಳಿಯಿತು. ಹಾಲವ್ವ ಕುಂತಳು, ಕಡೆಯ ಹಾಳಿ, ಬೆರಳು ಇಟ್ಟಳು, ಆ... ದಿನ... ಅವಳು... ಎಲ್ಲಿ ತೋರಿಸು ಕೈ, ಅಂದಳು ಜಯಾ ಮಗಳಿಗೆ, ಸಂತೆಯಲ್ಲಿ ಕರುವಿನ ಹಲ್ಲು ನೋಡಿದಂಗ ಮುಂಗೈ ಹಿಡಿದು ಹೆಬ್ಬೆರಳು ಮೇಲೆತ್ತಿ ನೋಡಿದಳು, ಇದೇನ ಇದು, ಉಗುರು ಕತ್ತರಿಸಿಬಿಟ್ಟೀಯಲ್ಲ, ಉಗುರಿಲ್ಲದೇ ಮೊಗ್ಗಿ ಹೆಂಗ ಕೊಯ್ತೀ? ಹಾಸ್ಟೇಲಿನ್ಯಾಗ ನೋಡ್ತಾರಂತ ಮುಂಜಾನೆ ಕತ್ತರಿಸಿದೆ, ಅಂತು ಮಾಲಾ. ಎಂಟು ದಿನದಾಗ ಬರ್ತತಿ, ಅಲ್ಲೀತನ ಹಂಗ ಒತ್ತು. ಅವಳು ಮೆಟ್ಟಿಲು... ಏರಿ... ಹಾಲವ್ವ ಪುಸ್ತಕದ ಅಂಚಿನ ಮೇಲಿಂದ ನೋಡಿದಳು, ಮೊಗ್ಗಿನ ಬುಡದ ಮೇಲೆ ಮಾಲಾನ ಹೆಬ್ಬೆರಳು, ತೊಳೆದ ಉಗುರು, ಎಳೆ ಕೆಂಪು, ಚರ್ಮದ ಸಮಕ್ಕೆ ಕತ್ತರಿಸಿದ್ದು, ಒತ್ತಿತು, ಕೊಯ್ಯಲಿಲ್ಲ, ಜಾರಿತು. ಜೋರಾಗಿ ದೊಡ್ಡವ್ವಾ, ಅಂದಳು ಜಯಾ, ಕೇಳವಲ್ಲದು. ಅವಳು ಮೆಟ್ಟಿಲು ಏರಿ... ನಿಂತಾಗ... ಎಲ್ಲರೂ... ಉಗುರು ಒತ್ತಿತು, ಹಸಿರು ರಸ ಹತ್ತಿತು, ಜಾರಿತು, ಎಲ್ಲರೂ... ಎಲ್ಲರೂ ಆದ ಮೇಲೆ ಏನಿದೆ, ಅಕ್ಷರ ಮುಂದೆ ಹೋಗವಲ್ಲದು, ಬರೀ ಆ ಉಗುರು, ತೊಳೆದ ಉಗುರು, ಒತ್ತಿತು, ಜಾರಿತು, ಒತ್ತಿತು —