ಬಾಂಕಿನವರು

ಸಂತ ಲಿಬೊರಿಯುಸ್ ಯಾರೆಂದು ದೋಹಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಆತನ ಹೆಸರಿನ ಬೋರ್ಡಿಂಗಿನಲ್ಲಿ ಓದಿದವರೆಂದರೆ ನಮ್ಮ ಕರಾವಳಿಯ ಕ್ರೈಸ್ತರು ಎದ್ದು ಕುರ್ಚಿ ಕೊಡುತ್ತಿದ್ದರು. ಮಂಗಳೂರಿಗೂ ಉಡುಪಿಗೂ ನಡುವಿನ ಗುಡ್ಡವೊಂದರ ಮೇಲೆ ಇಟಲಿಯ ಪಾದ್ರಿಯೊಬ್ಬರು ಕಟ್ಟಿಸಿದ ಶಾಲೆ ಅದು. ಚರ್ಚಿನ ಊರಮುಖಂಡರಾದ ಗುರ್ಕಾರರು, ಜಮೀನ್ದಾರರು, ಪೋರ್ಚುಗೀಸರ ಕಾಲದ ಬಿರುದನ್ನು ಇನ್ನೂ ಕೆಳಗಿಳಿಸದ ಮನೆತನದವರು, ಇಂಥವರ ಗಂಡುಮಕ್ಕಳಿಗೆಂದೇ ಕಟ್ಟಿಸಿದ್ದು. ಹುಡುಗನ ಜೊತೆ ಬೆಳ್ಳಿಯ ಚಮಚ ಬರಬೇಕಿತ್ತು. ಲ್ಯಾಟಿನ್, ಪಿಯಾನೊ, ಬಾಳೆಹಣ್ಣನ್ನು ಚೂರಿ ಮುಳ್ಳಿನಲ್ಲಿ ತಿನ್ನುವ ವಿದ್ಯೆ, ಇಷ್ಟು ಕಲಿತು ಹೊರಬಿದ್ದವರು ಮುಂದೇನು ಮಾಡಿದರೆಂದು ಯಾರೂ ಕೇಳುತ್ತಿರಲಿಲ್ಲ. ಮಾಡುವ ಅಗತ್ಯವೇ ಅವರಿಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂತು, ಗದ್ದೆಗಳು ಒಕ್ಕಲುಗಳ ಪಾಲಾದವು, ಬೆಳ್ಳಿಯ ಚಮಚಗಳು ಒಂದೊಂದಾಗಿ ಮಾರಿಹೋದವು. ಶಾಲೆ ಎಲ್ಲ ಶಾಲೆಗಳಂತಾಯಿತು. ಹೆಸರು ಮಾತ್ರ ಕಡಲು ದಾಟಿ ಕತಾರಿಗೆ ಬಂದು ಗಟ್ಟಿಯಾಗಿ ಕೂತುಬಿಟ್ಟಿತು.

ರಾಫೆಲನಿಗೆ ಆ ಹೆಸರೇ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು. ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಮೇಲ್ವಿಚಾರಕನಾಗಿದ್ದ ಅವನು, ದೋಹಾಕ್ಕೆ ಬಂದ ಹೊಸತರಲ್ಲಿ ಯಾರೋ ಕೇಳಿದ್ದಕ್ಕೆ, ಓದಿದ್ದು ಲಿಬೊರಿಯುಸ್ ಬೋರ್ಡಿಂಗಿನಲ್ಲಿ ಎಂದಿದ್ದ. ಅದು ನಿಜವೇ. ಉಳಿದದ್ದನ್ನು ಕೇಳಿದವರೇ ಸೇರಿಸಿಕೊಂಡರು. ಮಾತಿನಲ್ಲೇ ಅವನಿಗೊಂದು ಗುರ್ಕಾರರ ಮನೆ ಕೊಟ್ಟರು, ಒಬ್ಬ ಅಜ್ಜನನ್ನು ಕೊಟ್ಟರು, ಅಜ್ಜನಿಗೊಂದು ಕುದುರೆಯನ್ನೂ ಕೊಟ್ಟರು. ರಾಫೆಲ್ ಬೇಡವೆನ್ನಲಿಲ್ಲ.

ಅಸಲಿಗೆ ಅವನು ಫೀಸಿಲ್ಲದೆ ಧರ್ಮಕ್ಕೆ ಓದಿದ ಹುಡುಗ. ಊಟದ ಹಾಲಿನಲ್ಲಿ ಫೀಸು ಕೊಟ್ಟವರು ಮೇಜಿಗೆ ಕೂರುತ್ತಿದ್ದರು. ಧರ್ಮದ ಹುಡುಗರು ಕಿಟಕಿ ಸಾಲು, ಬಾಗಿಲು ಸಾಲು ಎಂದು ಎರಡು ಗೋಡೆಗಳ ಉದ್ದಕ್ಕಿದ್ದ ಬೆಂಚಿನಲ್ಲಿ ಕೂರುತ್ತಿದ್ದರು. ಕೊಂಕಣಿಯಲ್ಲಿ ಬೆಂಚಿಗೆ ಬಾಂಕ್ ಎನ್ನುತ್ತಾರೆ. ಹಾಗಾಗಿ ಫೀಸಿನವರು ಮೇಜಿನವರು, ಧರ್ಮದವರು ಬಾಂಕಿನವರು. ಮೊದಲು ಸಂತರ ಚರಿತ್ರೆಯಿಂದ ಒಂದು ಪುಟ ಓದುವುದು, ಅಷ್ಟು ಹೊತ್ತು ಎಲ್ಲರೂ ಬಾಯಿ ಮುಚ್ಚಿ ಕೂರುವುದು. ಆಮೇಲೆ ಪಾದ್ರಿ ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದರು. ಗಂಟೆಯಾದರೆ ಮೇಜಿನವರು ಮಾತಾಡಬಹುದು. ಬಾಂಕಿನವರು ಎದ್ದು ಎಡಗೈಯನ್ನು ಬೆನ್ನ ಹಿಂದೆ ಮಡಚಿ, ಬಲಗೈಯಲ್ಲಿ ಹೂಜಿ ಹಿಡಿದು ನೀರು ಬಡಿಸಬೇಕು. ಎಡಗೈ ಮುಂದೆ ಬಂದರೆ ಬೆತ್ತ ಬೀಳುತ್ತಿತ್ತು.

ಈ ಸಂಗತಿ ಹೆಂಡತಿ ಅಗಾತಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಾಗೆಯೇ ಮುಗಿದುಹೋಗುತ್ತಿತ್ತು, ಆದರೆ ಮಗ ಡ್ಯಾರೆಲ್ ಮದುವೆಯಾಗಬೇಕೆಂದು ಹಟ ಹಿಡಿದದ್ದು ನೆವಿಲನ ಮಗಳು ಕ್ರಿಸ್ಟೀನಾಳನ್ನು. ನೆವಿಲ್ ಅಂದರೆ ಬೋರ್ಡಿಂಗಿನ ಹಳೆ ವಿದ್ಯಾರ್ಥಿಗಳ ದೋಹಾ ಸಂಘದ ಅಧ್ಯಕ್ಷ, ದೊಡ್ಡ ಕಂಪನಿಯೊಂದರಲ್ಲಿ ದೊಡ್ಡ ಕುರ್ಚಿಯವನು, ರಾಫೆಲ್ ಶಾಲೆಗೆ ಸೇರುವ ಮೊದಲೇ ಓದು ಮುಗಿಸಿ ಹೋದವನು. ಶಾಲೆಯ ಚರಿತ್ರೆಯನ್ನು ಪುಸ್ತಕ ಮಾಡುವ ಹುಚ್ಚು ಅವನಿಗೆ ಹತ್ತಿತ್ತು. ಮದುವೆಯ ಮಾತು ಬಂದಾಗ ನೆವಿಲ್ ಒಂದೇ ಮಾತು ಹೇಳಿದ್ದ.

“ನಮ್ಮ ಬೋರ್ಡಿಂಗಿನ ಮೇಜಲ್ಲಿ ಉಂಡವನ ಮಗ ಅಂತ ಒಪ್ಪಿದ್ದು ನಾನು. ಬೇರೆ ಎಂತ ನೋಡ್ಲಿಕ್ಕುಂಟು?”

ರಾಫೆಲ್ ಅಂದು ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

“ಹೇಳಿಬಿಡಿ ನೀವು,” ಎಂದಳು ಅಗಾತಾ. “ಬಡತನ ಎಂತ ಕಳ್ಳತನವಾ?”

“ಬಡತನ ಕಳ್ಳತನ ಅಲ್ಲ ಮಾರಾಯ್ತಿ. ಇಪ್ಪತ್ತು ವರ್ಷ ಬಾಯಿ ಮುಚ್ಚಿ ಕೂತದ್ದು ಕಳ್ಳತನ. ಈಗ ಹೇಳಿದ್ರೆ ಖಲಾಸ್, ಮಗನ ಸಂಬಂಧವೂ ಹೋಯ್ತು.”

ಆ ವರ್ಷವಷ್ಟೇ ದೋಹಾದಲ್ಲಿ ಚರ್ಚು ತೆರೆದಿತ್ತು. ಅಲ್ಲಿಯವರೆಗೆ ವಿಲ್ಲಾಗಳಲ್ಲಿ ಕಿಟಕಿ ಮುಚ್ಚಿಕೊಂಡು ಪೂಜೆ ಕೇಳಿದ ಜನ ಈಗ ಶುಕ್ರವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದರು. ಅದನ್ನು ನೋಡಲೆಂದೇ ಬೋರ್ಡಿಂಗಿನ ಹಿಂದಿನ ಮುಖ್ಯಸ್ಥರು, ಎಂಬತ್ತು ದಾಟಿದ ಫಾದರ್ ಬಾಝಿಲ್, ತಂಗಿಯ ಮಗಳ ಮನೆಗೆ ಬಂದಿಳಿದರು. ನೆವಿಲ್‌ಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಶುಕ್ರವಾರದ ಪೂಜೆಯ ನಂತರ ತನ್ನ ಮನೆಯಲ್ಲಿ ಊಟ, ಅಲ್ಲೇ ಮದುವೆಯ ಘೋಷಣೆ ಎಂದು ಗೊತ್ತುಮಾಡಿದ. ರಾಫೆಲನಿಗೆ ಮಾತ್ರ ಭಯ ಹತ್ತಿತು. ಊರಿಗೆ ಊರೇ ಮರೆತರೂ ಈ ಪಾದ್ರಿ ಮರೆಯುವವರಲ್ಲ.

ಆ ಊಟದ ಹಿಂದಿನ ದಿನ ಕ್ರಿಸ್ಟೀನಾ ಚರಿತ್ರೆಯ ಕರಡು ಹಿಡಿದುಕೊಂಡು ದೋಹಾ ಅಲ್ ಜದೀದಾದ ರಾಫೆಲನ ಫ್ಲ್ಯಾಟಿಗೇ ಬಂದಳು. ದೋಹಾದಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದ ಹುಡುಗಿ. ಫಾದರನ್ನು ಮಾತಾಡಿಸಿ ಟೈಪು ಮಾಡಿದವಳು ಅವಳೇ.

“ಅಂಕಲ್, ಒಂದು ಸಲ ಓದಿ. ಸ್ಕೂಲಲ್ಲಿ ಬ್ಯಾಂಕ್ ಇತ್ತಂತೆ ಅಲ್ವಾ? ಸೋ ಇಂಟರೆಸ್ಟಿಂಗ್.”

ರಾಫೆಲ್ ಓದಿದ. ‘ಶಾಲೆಯು ತನ್ನದೇ ಬ್ಯಾಂಕನ್ನು ಹೊಂದಿತ್ತು. ಆಯ್ದ ಕೆಲವು ವಿದ್ಯಾರ್ಥಿಗಳು ಬ್ಯಾಂಕಿನವರಾಗಿ ಸೇವೆ ಸಲ್ಲಿಸುತ್ತಿದ್ದರು.’

ನಗು ಬಂತು, ನಗುವಿನ ಹಿಂದೆಯೇ ನೋವೂ ಬಂತು. ಗೋಡೆ ಬದಿಯ ಆ ಒರಟು ಹಲಗೆಗೆ ಇಂಥ ಯೋಗ ಬರುತ್ತದೆಂದು ಯಾರು ಎಣಿಸಿದ್ದರು!

“ಪಪ್ಪ ಓದಿದ್ರಾ ಮಗಾ ಇದನ್ನು?”

“ಓದಿದ್ರು ಅಂಕಲ್. ಓಕೆ ಅಂದ್ರು.”

ಅಂದರೆ ನೆವಿಲ್‌ಗೆ ಬಾಂಕ್ ಎಂದರೇನೆಂದೇ ಗೊತ್ತಿಲ್ಲ ಎಂದುಕೊಂಡ ರಾಫೆಲ್. ಮೇಜಿಗೆ ಕೂತು ನೀರು ಕುಡಿದವನಿಗೆ ನೀರು ಕೊಟ್ಟವರ ಹೆಸರು ಯಾಕೆ ನೆನಪಿರಬೇಕು? ತಿದ್ದಲು ಪೆನ್ನು ಎತ್ತಿಕೊಂಡ. ತಿದ್ದಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಪೆನ್ನಿನ ಮುಚ್ಚಳ ಹಾಕಿ, “ಚೆಂದ ಉಂಟು ಮಗಾ,” ಎಂದು ಕಾಗದ ಹಿಂದಕ್ಕೆ ಕೊಟ್ಟ.

ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನೆವಿಲನ ವಿಲ್ಲಾದಲ್ಲಿ ಉದ್ದನೆಯ ಮೇಜು ಹಾಕಿದ್ದರು. ಹಂದಿ ಮಾಂಸ ಸಿಗದ ಊರಾದ್ದರಿಂದ ಇಡ್ಲಿಯಂಥ ಸಾನ್ನಕ್ಕೆ ಕೋಳಿ ಸಾರೇ ಗತಿಯಾಗಿತ್ತು. ಫಾದರ್ ಬಾಝಿಲರ ಕಣ್ಣಿಗೆ ಪೊರೆ ಬಂದಿತ್ತು. ಅವರು ರಾಫೆಲನ ಕೈ ಹಿಡಿದು, “ನೀನು ಯಾರ ಮಗ?” ಎಂದರು.

“ನಾನು ಡ್ಯಾರೆಲ್‌ನ ಅಪ್ಪ, ಫಾದರ್,” ಎಂದ ರಾಫೆಲ್. ಅಗಾತಾ ಮುಖ ತಿರುಗಿಸಿಕೊಂಡಳು.

ಎಲ್ಲರೂ ಕೂತರು. ಫಾದರ್ ಚೀಲದಿಂದ ವಸ್ತುವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದೇ ಹಿತ್ತಾಳೆಯ ಗಂಟೆ. ದೋಹಾ ಸಂಘಕ್ಕೆ ಉಡುಗೊರೆಯಂತೆ.

“ಹಳೆ ಕ್ರಮದಲ್ಲೇ ಉಣ್ಣುವಾ,” ಎಂದ ನೆವಿಲ್ ಹೆಮ್ಮೆಯಿಂದ.

ರಾಫೆಲ್ ಗಂಟೆಯನ್ನೇ ನೋಡಿದ. ಆ ಗಂಟೆಗೆ ಅವನ ಕಾಲುಗಳು ತಾವಾಗಿಯೇ ಏಳುವುದು ಅವನಿಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಲಿಫ್ಟಿನ ಗಂಟೆ ಕೇಳಿದರೂ ಎಷ್ಟೋ ಸಲ ಎದ್ದು ನಿಂತಿದ್ದ. ಪಾದಗಳನ್ನು ಕುರ್ಚಿಯ ಕಾಲಿಗೆ ಸುತ್ತಿ, ಎರಡೂ ಕೈಗಳಿಂದ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಫಾದರ್ ಯಾವುದೋ ಸಂತನ ಬಗ್ಗೆ ಬಾಯಿಪಾಠ ಹೇಳಿದರು. ಒಂದು ಪದವೂ ಅವನ ತಲೆಗೆ ಹೋಗಲಿಲ್ಲ. ಆಮೇಲೆ ಗಂಟೆ ಬಾರಿಸಿದರು.

ರಾಫೆಲ್ ಏಳಲಿಲ್ಲ. ಗೆದ್ದೆ ಎಂದುಕೊಂಡ. ಸುತ್ತ ಮಾತು ಶುರುವಾಯಿತು, ಡ್ಯಾರೆಲ್ ಮೆಲ್ಲಗೆ ಏನೋ ಹೇಳಿ ಕ್ರಿಸ್ಟೀನಾಳನ್ನು ನಗಿಸಿದ. ರಾಫೆಲ್ ತಲೆಯೆತ್ತಿದಾಗ ನೆವಿಲ್ ಎದ್ದು ನಿಂತಿದ್ದ. ಅತಿಥಿಗಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ, ಮನೆಯ ಯಜಮಾನ ತಾನೇ ಬಡಿಸಲು ಎದ್ದಿದ್ದಾನೆ ಅಷ್ಟೇ. ನೆವಿಲ್ ನೀರಿನ ಜಗ್ಗು ಎತ್ತಿಕೊಂಡು ಮೊದಲು ಫಾದರಿಗೆ, ಆಮೇಲೆ ಪಕ್ಕದವರಿಗೆ ನೀರು ಹಾಕುತ್ತ ಬಂದ. ಅವನ ಎಡಗೈ ಬೆನ್ನ ಹಿಂದೆ ಮಡಚಿಕೊಂಡಿತ್ತು.

ನೆವಿಲ್ ಕರಡು ಓದಿ ಓಕೆ ಅಂದದ್ದು ಯಾಕೆಂದು ರಾಫೆಲನಿಗೆ ಈಗ ತಿಳಿಯಿತು. ಇವನು ತನಗಿಂತಲೂ ಹೆಚ್ಚು ವರ್ಷ ಅದೇ ಸುಳ್ಳನ್ನು ಹೊತ್ತವನು, ಹೊತ್ತು ಹೊತ್ತು ಅದು ಸುಳ್ಳೆಂಬುದನ್ನೇ ಮರೆತವನು. ಅದಕ್ಕೇ ಅವನು ಕುರ್ಚಿಯನ್ನು ಹಿಡಿದುಕೊಂಡಿರಲಿಲ್ಲ. ಸುಮ್ಮನಿದ್ದರೆ ಇಬ್ಬರೂ ಬಚಾವು, ಮದುವೆಯೂ ಸುಸೂತ್ರ. ಆದರೆ ಆ ಮಡಚಿದ ಕೈ ನೋಡಿ ರಾಫೆಲನಿಗೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು. ಕಾಲು ಬಿಡಿಸಿಕೊಂಡು ಎದ್ದ. ಇನ್ನೊಂದು ಜಗ್ಗು ತೆಗೆದುಕೊಂಡು, ಎಡಗೈಯನ್ನು ಬೆನ್ನ ಹಿಂದಿಟ್ಟು, ಮೇಜಿನ ಆಚೆ ಸಾಲಿನಿಂದ ಶುರುಮಾಡಿದ.

ಮೇಜಿನ ಕೊನೆಯಲ್ಲಿ ಇಬ್ಬರೂ ಎದುರಾದರು. ನೆವಿಲ್ ಮೊದಲು ರಾಫೆಲನ ಕೈ ನೋಡಿದ, ಆಮೇಲೆ ತನ್ನ ಕೈ. ಮುಖ ಕೆಂಪೇರಿತು.

“ನೀನು ಯಾವ ಸಾಲು?” ಎಂದ, ಇತರರಿಗೆ ಕೇಳದಂತೆ.

“ಕಿಟಕಿ ಸಾಲು. ನೀವು?”

“ಬಾಗಿಲು ಸಾಲು.”

ಆ ತುದಿಯಿಂದ ಫಾದರ್ ಬಾಝಿಲ್, ಕಾಣದ ಕಣ್ಣುಗಳನ್ನು ಇವರತ್ತ ತಿರುಗಿಸಿ, “ಬಾಂಕಿನವರು ಇಬ್ಬರೂ ಬಂದ್ರಲ್ಲ, ಒಳ್ಳೆದಾಯ್ತು,” ಎಂದರು. ಹೆಜ್ಜೆಯ ಸದ್ದಿನಿಂದಲೇ ಅವರಿಗೆ ತಿಳಿದಿತ್ತೋ ಏನೋ.

“ಯಾವ ಬ್ಯಾಂಕ್ ಪಪ್ಪಾ?” ಎಂದಳು ಕ್ರಿಸ್ಟೀನಾ.

ನೆವಿಲ್ ಜಗ್ಗನ್ನು ಮೇಜಿನ ಮೇಲಿಟ್ಟ. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.

“ಬ್ಯಾಂಕ್ ಅಲ್ಲ ಮಗಾ. ಬೆಂಚು,” ಎಂದ. “ನಾನು, ನಿನ್ನ ಮಾವ, ಇಬ್ಬರೂ ಅದರಲ್ಲೇ ಕೂತದ್ದು. ಬುಕ್ಕಲ್ಲಿ ಸರಿ ಮಾಡ್ಬೇಕು.”